ಮೈಸೂರು ಮಹಾರಾಜರಿಗೆ ಅರ್ಪಿಸಿದ ಪಿಯಾನೋ ಕಂಚೆರ್ಟೊ: ಮೆಟ್ನರ್ ಯಾಕೆ ಹಿಂದೆ ಉಳಿದರು?

ಪ್ರಶ್ನೆ: ಎಡಗೈ ಅಭ್ಯಾಸ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿದ್ದೇನೆ, ಕೆಲಸದ ನಡುವೆ ಬಿಡುವು ಮಾಡಿಕೊಂಡು ಪಿಯಾನೋ ಕಲಿಯುತ್ತಿದ್ದೇನೆ. ನಮ್ಮ ಟೀಚರ್ ಈಚೆಗೆ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಯೋಜಕರ ‘ಕಥೆ’ ಎಂಬ ಒಂದು ಪುಟ್ಟ ಪಿಯಾನೋ ಕೃತಿಯನ್ನು ಕೊಟ್ಟರು. ಓಪಸ್ (ಕೃತಿಸಂಖ್ಯೆ) 26ರ ಮೂರನೆಯದು, ಎಫ್ ಮೈನರ್ ಸ್ವರಶ್ರೇಣಿಯದು. ಅಲ್ಲಿಯವರೆಗೆ ಅವರ ಹೆಸರನ್ನೇ ಕೇಳಿರಲಿಲ್ಲ. ಯಾರಿವರು ಎಂದು ಓದುತ್ತ ಹೋದರೆ, ಅವರ ಮೂರನೆಯ ಪಿಯಾನೋ ಕಂಚೆರ್ಟೊ (ವಾದ್ಯವೃಂದದ ಜೊತೆ ಪಿಯಾನೋ ನುಡಿಸುವ ದೊಡ್ಡ ಕೃತಿ) ನಮ್ಮ ಜಯಚಾಮರಾಜ ಒಡೆಯರಿಗೆ ಅರ್ಪಿತವಾಗಿದೆ ಎಂದು ತಿಳಿದು ದಂಗಾದೆ. ಶಾಲೆಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ನನ್ನ ಗೊಂದಲ ಇಷ್ಟು. ಇವರು ಪ್ರಸಿದ್ಧ ರಷ್ಯನ್ ಸಂಯೋಜಕ, ಪಿಯಾನೋ ವಾದಕ ರಖ್ಮಾನಿನೊವ್ ಅವರ ಗೆಳೆಯರು, ಓದಿದ್ದು ಅದೇ ಮಾಸ್ಕೋ ಕನ್ಸರ್ವೇಟರಿಯಲ್ಲಿ, ಪಿಯಾನೋ ಮುಂದೆ ಕುಳಿತರೆ ಇವರೂ ಕಡಿಮೆಯವರಲ್ಲ ಎನ್ನುತ್ತಾರೆ. ಹಾಗಿದ್ದ ಮೇಲೆ ಒಬ್ಬರು ಜಗತ್ತಿಗೆಲ್ಲ ಪರಿಚಿತರಾಗಿ, ಇನ್ನೊಬ್ಬರು ಮುಪ್ಪಿನಲ್ಲಿ ದೂರದ ಮಹಾರಾಜರೊಬ್ಬರ ನೆರವಿಗೆ ಕಾಯುವಂತಾದದ್ದು ಹೇಗೆ? ಇನ್ನೊಂದು, ಕೇಳಲು ಎಲ್ಲಿಂದ ಶುರು ಮಾಡಲಿ?

ಉತ್ತರ: ಚಾಮುಂಡಿಪುರದವನು

ನಮಗೆಲ್ಲ ಹೆಮ್ಮೆಯ ವಿಷಯ. ಲಂಡನ್ನಿನಲ್ಲಿ ತುತ್ತಿಗೆ ಕಷ್ಟಪಡುತ್ತಿದ್ದ ರಷ್ಯನ್ ಸಂಗೀತಗಾರನನ್ನು ನಮ್ಮ ಪ್ರಭುಗಳು ಗುರುತಿಸಿ ಕಾಪಾಡಿದರು. ಅವರಿಲ್ಲದಿದ್ದರೆ ಇವತ್ತು ಆ ಹೆಸರನ್ನು ಹೇಳುವವರೇ ಇರುತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ಏನಿದೆ?

ಉತ್ತರ: ನಾಯಿಮಾರ್ಕು

ಬೇಕಾದಷ್ಟಿದೆ, ಚಾಮುಂಡಿಪುರದವರೇ. ಮೈಸೂರಿನಲ್ಲಿ ನಾವು ಈ ಕಥೆಯನ್ನು ಯಾವಾಗಲೂ ಕೊನೆಯ ಐದು ವರ್ಷಗಳಿಂದ ಶುರು ಮಾಡುತ್ತೇವೆ, ಏಕೆಂದರೆ ನಾವು ಬರುವುದೇ ಅಲ್ಲಿ. ಅದಕ್ಕೆ ಮುಂಚೆ ಆ ಮನುಷ್ಯ ಅರವತ್ತಾರು ವರ್ಷ ಬದುಕಿದ್ದರು.

ನಾನು ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಕೂಡಿಡುವವನು. ನಮ್ಮ ಸೋದರಮಾವ ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದರು. ಪಾಶ್ಚಾತ್ಯ ಸಂಗೀತದ ಹುಚ್ಚು ಅವರಿಂದ ಬಂದದ್ದು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಡದವರು ದಾಟಿಕೊಂಡು ಹೋಗಬಹುದು.

ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, ಈಗಿನ ಪಂಚಾಂಗದ ಪ್ರಕಾರ 1880ರ ಜನವರಿ 5ರಂದು. ವಂಶ ಮೂಲತಃ ಜರ್ಮನ್ ಕಡೆಯದು. ತಂದೆ ಲೇಸ್ ಕಾರ್ಖಾನೆಯೊಂದರ ಆಡಳಿತ ನೋಡಿಕೊಳ್ಳುತ್ತಿದ್ದರು, ತಾಯಿಯ ತೌರಿನವರು ಸಂಗೀತಗಾರರು. 1900ರಲ್ಲಿ ಕನ್ಸರ್ವೇಟರಿಯಿಂದ ಚಿನ್ನದ ಪದಕದೊಂದಿಗೆ ಹೊರಬಿದ್ದರು. ಗುರು ಸಫೊನೊವ್ ಆಗಲೇ ಯುರೋಪಿನ ಪ್ರವಾಸಕ್ಕೆ ದಾರಿ ಹಾಕಿಕೊಟ್ಟಿದ್ದರು. ಊರೂರಿಗೆ ಹೋಗುವುದು, ಜನ ಕೇಳುವ ಕಂಚೆರ್ಟೊಗಳನ್ನು ನುಡಿಸುವುದು, ಹೆಸರು ಮಾಡುವುದು. ಇಪ್ಪತ್ತರ ಹುಡುಗ ಒಲ್ಲೆ ಎಂದ. ತಾನೇ ರಚನೆ ಮಾಡಬೇಕು, ವಾದಕನಾಗಿ ಅಲೆಯುವುದಿಲ್ಲ ಎಂದು ಕುಳಿತುಬಿಟ್ಟ. ಅವನ ಬೆನ್ನಿಗೆ ನಿಂತವರು ಇಬ್ಬರು: ಅಣ್ಣ ಎಮಿಲ್ ಮತ್ತು ಹಿರಿಯ ಸಂಯೋಜಕ ತನೇಯೆವ್. ಸಫೊನೊವ್ ಸಿಟ್ಟಾದರು. ಯಾರಿಗಾದರೂ ಆಗುತ್ತದೆ.

ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ. ರಖ್ಮಾನಿನೊವ್ 1918ರ ಕೊನೆಗೆ ಅಮೆರಿಕ ತಲುಪಿದಾಗ ಅವರ ವಯಸ್ಸು ನಲವತ್ತೈದು. ಸಂಸಾರ ಸಾಕಬೇಕು, ಕೈಯಲ್ಲಿ ಕಾಸಿಲ್ಲ. ಕುಳಿತು ಬೇರೆಯವರ ಕೃತಿಗಳನ್ನೂ ರೂಢಿಸಿಕೊಂಡರು, ಪ್ರತಿ ವರ್ಷ ಋತುಪೂರ್ತಿ ರೈಲಿನಲ್ಲಿ ಓಡಾಡಿ ನುಡಿಸಿದರು. ಅದರಿಂದ ಅವರ ರಚನೆ ಕಡಿಮೆಯಾಯಿತು ನಿಜ, ಆದರೆ ಪ್ರತಿ ಊರಿನಲ್ಲೂ ಅವರ ಮುಖ ಕಂಡ ಜನ ಇದ್ದರು. ಮೆಟ್ನರ್ ಆ ವ್ಯಾಪಾರಕ್ಕೆ ಒಪ್ಪಲಿಲ್ಲ. ಅವರ ಸಂಗೀತ ಕಚೇರಿ ಎಂದರೆ ಬಹುಪಾಲು ಅವರದೇ ಕೃತಿಗಳು, ಜೊತೆಗೆ ಸ್ವಲ್ಪ ಬೇಥೋವನ್. ಏಜೆಂಟರಿಗೆ ಇಂಥವರು ಬೇಕಿಲ್ಲ.

ಹಟದ ಇನ್ನೊಂದು ಪ್ರಸಂಗ 1910ರದು. ಮಾಸ್ಕೋದಲ್ಲಿ ಬೇಥೋವನ್ನರ ನಾಲ್ಕನೆಯ ಕಂಚೆರ್ಟೊ ತಾಲೀಮು, ವಾದ್ಯವೃಂದದ ಮುಂದೆ ನಿಂತವರು ಡಚ್ ದೇಶದ ವಿಲೆಮ್ ಮೆಂಗೆಲ್‌ಬರ್ಗ್, ಆಗಲೇ ದೊಡ್ಡ ಹೆಸರು. ಸಂಗೀತದ ನಡೆಯ ವೇಗದ ವಿಷಯದಲ್ಲಿ ಇಬ್ಬರಿಗೂ ತಾಳೆಯಾಗಲಿಲ್ಲ. ಮೆಂಗೆಲ್‌ಬರ್ಗ್ ಒರಟಾಗಿ ನಡೆದುಕೊಂಡರು, ಮೆಟ್ನರ್ ಎದ್ದು ಹೊರಟೇಹೋದರು. ಮಾಸ್ಕೋದ ಬರಹಗಾರರು, ಸಂಗೀತಗಾರರು ಮೆಟ್ನರ್ ಪರ ನಿಂತರು ಎನ್ನುವುದು ಸರಿ. ಆದರೆ ಇಂಥ ಪ್ರಸಂಗದಿಂದ ಮುಂದಿನ ಕಚೇರಿಗಳು ಹುಟ್ಟುವುದಿಲ್ಲವಲ್ಲ!

1921ರಲ್ಲಿ ಹೆಂಡತಿ ಅನ್ನಾ ಜೊತೆ ರಷ್ಯಾ ಬಿಟ್ಟರು. ಮೊದಲು ಬರ್ಲಿನ್, ಆಮೇಲೆ ಪ್ಯಾರಿಸ್ಸಿನ ಹೊರವಲಯ. ಎರಡೂ ಕಡೆ ಕಾಲ ಬದಲಾಗಿತ್ತು. ಜನ ಸ್ಟ್ರವಿನ್ಸ್ಕಿ, ಪ್ರೊಕೊಫಿಯೆವ್ ಎಂದು ಓಡುತ್ತಿದ್ದಾಗ ಸೊನಾಟಾ (ವಾದ್ಯಕ್ಕೆ ಬರೆದ ದೀರ್ಘ ಕೃತಿ), ಕೌಂಟರ್‌ಪಾಯಿಂಟ್ (ಹಲವು ಎಳೆಗಳನ್ನು ಒಟ್ಟಿಗೆ ಹೆಣೆಯುವ ಕ್ರಮ) ಎನ್ನುವವರನ್ನು ಯಾರು ಕರೆಯುತ್ತಾರೆ? ರಖ್ಮಾನಿನೊವ್ ಮುಂದೆ ನಿಂತು 1924ರಲ್ಲಿ ಅಮೆರಿಕ ಪ್ರವಾಸ ಹೊಂದಿಸಿಕೊಟ್ಟರು, ಹಣದ ವಿಷಯದಲ್ಲೂ ಕೈಹಿಡಿದರು. ತಮ್ಮ ನಾಲ್ಕನೆಯ ಕಂಚೆರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರು. ಮೆಟ್ನರ್ ತಮ್ಮ ಎರಡನೆಯದನ್ನು ಅವರಿಗೆ ಅರ್ಪಿಸಿದರು. ಆ ನಾಲ್ಕನೆಯದು ಎಷ್ಟು ಉದ್ದವಾಯಿತೆಂದರೆ ಇದನ್ನು ಹಲವು ರಾತ್ರಿ ಹಂಚಿ ನುಡಿಸಬೇಕಾದೀತು ಎಂದು ರಖ್ಮಾನಿನೊವ್ ಮೆಟ್ನರ್‌ಗೆ ಬರೆದ ಪತ್ರ ಪ್ರಸಿದ್ಧವಾಗಿದೆ. ಯಾರಿಗೆ ದೂರು ಹೇಳುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಅರ್ಧ ಗಂಟೆ ನಿಲ್ಲದೆ ಹರಿಯುವ ‘ರಾತ್ರಿಗಾಳಿ’ ಸೊನಾಟಾ ಬರೆದು ಅದನ್ನು ಇದೇ ರಖ್ಮಾನಿನೊವ್‌ಗೆ ಅರ್ಪಿಸಿದ ಮನುಷ್ಯನಿಗೆ!

ಲಂಡನ್ನಿಗೆ ಬಂದದ್ದು ಮೂವತ್ತರ ದಶಕದ ಮಧ್ಯದಲ್ಲಿ. ನೆಲೆಸಿದ್ದು ಗೋಲ್ಡರ್ಸ್ ಗ್ರೀನ್ ಪ್ರದೇಶದಲ್ಲಿ. ಅಲ್ಲಿ ಅವರನ್ನು ಮೆಚ್ಚುವ ಗುಂಪೊಂದಿತ್ತು. ‘ಹಸಿದು ಕುಳಿತಿದ್ದರು’ ಎನ್ನುವುದು ಅತಿಯಾಯಿತು. ಪಾಠ ಹೇಳುತ್ತಿದ್ದರು, ಆಗಾಗ ನುಡಿಸುತ್ತಿದ್ದರು. ಪೆಟ್ಟು ಬಿದ್ದದ್ದು 1939ರಲ್ಲಿ: ಅವರ ಪ್ರಕಾಶಕರು ಜರ್ಮನಿಯವರು, ಯುದ್ಧ ಶುರುವಾದೊಡನೆ ಅಲ್ಲಿಂದ ಬರುವ ಹಣ ನಿಂತಿತು. ಬಾಂಬಿನ ಕಾಟ ತಪ್ಪಿಸಿಕೊಳ್ಳಲು ಶಿಷ್ಯೆ ಎಡ್ನಾ ಐಲ್ಸ್ ಅವರ ಕುಟುಂಬದ ಆಶ್ರಯದಲ್ಲಿ ವಾರಿಕ್‌ಷೈರ್ ಹಳ್ಳಿಯೊಂದರಲ್ಲಿ ಉಳಿದರು. 1942ರಲ್ಲಿ ಹೃದಯಾಘಾತವಾಯಿತು. ಮೂರನೆಯ ಕಂಚೆರ್ಟೊ ಮುಗಿದದ್ದು ಈ ಸ್ಥಿತಿಯಲ್ಲಿ. 1944ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾವೇ ಕುಳಿತು ಅದನ್ನು ಮೊದಲ ಬಾರಿಗೆ ನುಡಿಸಿದರು. ಗಮನಿಸಿ, ಆಗ ಮೈಸೂರಿನ ಸುಳಿವೇ ಇರಲಿಲ್ಲ. ಅರ್ಪಣೆ ಸೇರಿದ್ದು ನಂತರ, ನೆರವು ಸಿಕ್ಕ ಮೇಲೆ.

ಈಗ ನಮ್ಮವರು. ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರಲ್ಲಿ. ಪಿಯಾನೋ ವಾದಕರಾಗಬೇಕೆಂಬ ಆಸೆ ಅವರಿಗೆ ನಿಜವಾಗಿ ಇತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡರು. ಇಪ್ಪತ್ತೊಂದರ ಹರೆಯಕ್ಕೆ ಸಿಂಹಾಸನ ಬಂತು, ಆ ಆಸೆ ಹೋಯಿತು. ಆದರೂ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು, 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಮಾಡಿಕೊಂಡಿತು. ಅರಮನೆಯಲ್ಲಿದ್ದ ಪ್ಲೇಟುಗಳ ಸಂಖ್ಯೆ ಸುಮಾರು 20,000 ಎನ್ನುತ್ತಾರೆ. ಇಂಥವರು ಮೆಟ್ನರ್ ಸಂಗೀತವನ್ನು ಮೆಚ್ಚಿದ್ದು ಆಕಸ್ಮಿಕವಲ್ಲ. ಇಷ್ಟು ಕೂಡಿಟ್ಟ ಮೇಲೂ ಕೈಗೆ ಸಿಗದ ಸಂಗೀತವೆಂದರೆ ಸಂಗ್ರಹಕಾರನಿಗೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನಾವು ಹುಡುಕುತ್ತೇವೆ. ಅವರಿಗೆ ಮಾಡಿಸುವ ಶಕ್ತಿ ಇತ್ತು.

1946ರಲ್ಲಿ ಮಾತುಕತೆ ಶುರುವಾಯಿತು, ಮಹಾರಾಜರ ಹಣದಿಂದ ಮೆಟ್ನರ್ ಸೊಸೈಟಿ ಎಂಬ ಹೆಸರಿನಲ್ಲಿ ಎಚ್‌ಎಂವಿ ಕಂಪನಿ ಧ್ವನಿಮುದ್ರಣಕ್ಕೆ ಇಳಿಯಿತು. ಉಸ್ತುವಾರಿ ಆ ಕಂಪನಿಯ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಅವರದು, ವಾದ್ಯವೃಂದ ಆಗಷ್ಟೇ ಅವರು ಕಟ್ಟಿದ್ದ ಫಿಲ್‌ಹಾರ್ಮೊನಿಯಾ. 1947ರಲ್ಲಿ ಮೂರೂ ಕಂಚೆರ್ಟೊಗಳು ಮುದ್ರಣವಾದವು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ಡೊಬ್ರೊವೆನ್ ನಿರ್ದೇಶನ. ಡೊಬ್ರೊವೆನ್ ಕೂಡ ಮಾಸ್ಕೋ ಕನ್ಸರ್ವೇಟರಿಯಲ್ಲೇ ಕಲಿತವರು. ಪಿಯಾನೋ ಮುಂದೆ ಅರವತ್ತೇಳು ವರ್ಷದ, ಎದೆ ಸೋತ ಮೆಟ್ನರ್.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈಗಿನವರಿಗೆ ಆ ಕೆಲಸದ ಕಷ್ಟ ತಿಳಿಯುವುದಿಲ್ಲ. ಆಗಿನ ಹನ್ನೆರಡು ಅಂಗುಲದ ಅರಗಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ, ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷ ಹಿಡಿದರೆ ಹೆಚ್ಚು. ನಮ್ಮ ವಿದ್ವಾಂಸರು ಹತ್ತು ಅಂಗುಲದ ಪ್ಲೇಟಿನಲ್ಲಿ ಮೂರೂಕಾಲು ನಿಮಿಷಕ್ಕೆ ರಾಗ, ಕೃತಿ, ಒಂದಿಷ್ಟು ಸ್ವರ ಎಲ್ಲವನ್ನೂ ತುರುಕಿ, ಕೊನೆಯಲ್ಲಿ ಹೆಸರು ಹೇಳಿ ಎದ್ದುಹೋಗುತ್ತಿದ್ದರಲ್ಲ, ಅದೇ ಕಾಲ. ಆದರೆ ಕಂಚೆರ್ಟೊವನ್ನು ಹಾಗೆ ಕುಗ್ಗಿಸುವಂತಿಲ್ಲ, ಕತ್ತರಿಸಬೇಕು. ಅದರಲ್ಲೂ ಮೆಟ್ನರ್ ಅವರ ಮೂರನೆಯದು ಮಹಾ ತಂಟೆಯದು. ಅದರ ಮೂರು ಭಾಗಗಳ ನಡುವೆ ಬಿಡುವೇ ಇಲ್ಲ, ಮೂವತ್ತೈದು ನಿಮಿಷಕ್ಕೂ ಮೀರಿ ಒಂದೇ ಉಸಿರು. ಹಿನ್ನೆಲೆಯಲ್ಲಿ ಲೆರ್ಮೊಂತೊವ್ ಕವಿತೆ ಇದೆ: ನದಿಯ ತಳದಲ್ಲಿ ಮಲಗಿರುವ ವೀರ, ಅವನನ್ನು ಒಲಿಸಲು ನೋಡುವ ಜಲಕನ್ಯೆ. ಇದನ್ನು ಎಂಟು ಒಂಬತ್ತು ತುಂಡು ಮಾಡಿ ಮುದ್ರಿಸಬೇಕು. ಮೇಣದ ತಟ್ಟೆಯ ಮೇಲೆ ಕೊರೆಯುವಾಗ ನಡುವೆ ತಪ್ಪಿದರೆ ಆ ತುಂಡನ್ನು ಮೊದಲಿಂದ ನುಡಿಸಬೇಕು, ಈಗಿನಂತೆ ಅಂಟಿಸಲು ಟೇಪ್ ಇಲ್ಲ. ನಿಲ್ಲಿಸಿದ ಜಾಗದಲ್ಲಿದ್ದ ಬಿಸಿಯನ್ನು ಮುಂದಿನ ತುಂಡಿನ ಮೊದಲ ಸ್ವರದಲ್ಲಿ ಮತ್ತೆ ತರಬೇಕು. ಮೊದಲ ಭಾಗದ ಆರಂಭದಲ್ಲಿ ಅವರ ಬೆರಳು ಎಷ್ಟು ನಿರಾಳವಾಗಿ ನಡೆಯುತ್ತದೆಂದರೆ ಈ ಯಾವ ಯಾತನೆಯೂ ಕೇಳಿಸುವುದಿಲ್ಲ. ಹಾಡುವ ಎಳೆಯನ್ನು ಒತ್ತಿ ತೋರಿಸುವುದಿಲ್ಲ, ಒಳಗಿನ ಎಳೆಗಳು ತಾವಾಗಿ ಮೇಲೆದ್ದು ಮುಳುಗುತ್ತವೆ. ಈಗಿನ ವಾದಕರಲ್ಲಿ ಹೆಚ್ಚಿನವರು ಅದೇ ಜಾಗವನ್ನು ದೊಡ್ಡದು ಮಾಡಲು ಹೋಗುತ್ತಾರೆ.

ಆದ್ದರಿಂದ ಚಾಮುಂಡಿಪುರದವರ ಮಾತಿನಲ್ಲಿ ನನ್ನ ತಕರಾರು ಇಷ್ಟೇ. ಹೆಸರು ಉಳಿಯುತ್ತಿರಲಿಲ್ಲ ಎನ್ನುವುದು ತಪ್ಪು. ಮೆಟ್ನರ್ 1951ರ ನವೆಂಬರಿನಲ್ಲಿ ತೀರಿಕೊಂಡರು, ಅನ್ನಾ 1958ರಲ್ಲಿ ಮಾಸ್ಕೋಗೆ ಮರಳಿದರು, 1959ರಿಂದ 1963ರೊಳಗೆ ಸೋವಿಯತ್ ಸರ್ಕಾರವೇ ಹನ್ನೆರಡು ಸಂಪುಟಗಳಲ್ಲಿ ಅವರ ಕೃತಿಗಳನ್ನು ಅಚ್ಚುಹಾಕಿತು. ಬಿಟ್ಟುಹೋದವರಿಗೆ ಆ ಸರ್ಕಾರ ಸಾಮಾನ್ಯವಾಗಿ ತೋರುವ ಮರ್ಯಾದೆಯಲ್ಲ ಇದು. ಕಾಗದದ ಮೇಲಿದ್ದ ಸಂಗೀತ ಹೇಗೂ ಉಳಿಯುತ್ತಿತ್ತು. ಮಹಾರಾಜರು ಉಳಿಸಿದ್ದು ಆ ಕೈಗಳನ್ನು. ನಾಲ್ಕು ವರ್ಷ ತಡವಾಗಿದ್ದರೂ ನುಡಿಸುವವರೇ ಇರುತ್ತಿರಲಿಲ್ಲ.

ಒಂದು ತಮಾಷೆ ಹೇಳಿ ಮುಗಿಸುತ್ತೇನೆ. ಮೆಟ್ನರ್‌ಗೆ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ಸಂಗೀತ ಕಂಡರೆ ಆಗುತ್ತಿರಲಿಲ್ಲ. ಆಧುನಿಕರನ್ನು ಜಾಡಿಸಲೆಂದೇ 1935ರಲ್ಲಿ ಒಂದು ಪುಸ್ತಕ ಬರೆದರು, ಪ್ರಕಟಿಸಿದ್ದು ರಖ್ಮಾನಿನೊವ್ ಅವರ ಪ್ರಕಾಶನ. ಇಂಥ ಮೆಟ್ನರ್‌ಗೆ ಹಣ ಕೊಟ್ಟ ಮಹಾರಾಜರೇ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಕಚೇರಿಗೂ ಹಣದ ಖಾತರಿ ಕೊಟ್ಟರು. 1950ರ ಮೇ 22, ಆಲ್ಬರ್ಟ್ ಹಾಲ್, ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್. ಅದನ್ನು ಮುದ್ರಿಸಿ ಮೈಸೂರಿನ ಸಂಗ್ರಹಕ್ಕೆ ಕಳುಹಿಸಬೇಕೆಂಬುದು ಒಪ್ಪಂದದ ಭಾಗ. ಒಂದೇ ತಿಜೋರಿ, ಎರಡು ಬದ್ಧ ವಿರೋಧಿ ಪಂಥಗಳು. ನಮ್ಮ ಮಹಾರಾಜರ ಕಿವಿ ಮೆಟ್ನರ್ ಅವರ ಕಿವಿಗಿಂತ ಅಗಲವಾಗಿತ್ತು ಎಂದರೆ ತಪ್ಪಿಲ್ಲ.

ಉತ್ತರ: ಮದ್ದೂರು ಲೋಕಲ್

ನಾಯಿಮಾರ್ಕು ಅವರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಇಸವಿಯನ್ನು ಸುಮ್ಮನೆ ದಾಟಿಬಿಟ್ಟಿರಿ. 1947. ಲಂಡನ್ನಿನಲ್ಲಿ ಈ ಪ್ಲೇಟುಗಳು ತಯಾರಾದ ವರ್ಷವೇ ಇಲ್ಲಿ ‘ಮೈಸೂರು ಚಲೋ’ ನಡೆಯಿತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ಜವಾಬ್ದಾರಿ ಸರ್ಕಾರಕ್ಕಾಗಿ ನಮ್ಮ ಜನ ಸೆಪ್ಟೆಂಬರಿನಲ್ಲಿ ಬೀದಿಗಿಳಿಯಬೇಕಾಯಿತು, ಜೈಲು ತುಂಬಬೇಕಾಯಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ನಮ್ಮ ತಾತ ಆಗ ಒಳಗಿದ್ದವರು. ರಷ್ಯನ್ ಸಂಗೀತಗಾರರ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ‘ನಮ್ಮ ಹೆಮ್ಮೆ’ ಎನ್ನುವಾಗ ಈ ಎರಡೂ ಒಂದೇ ಪುಟದಲ್ಲಿ ಇರಲಿ.

ಉತ್ತರ: ತಂಬೂರಿ

ರಾಜಕೀಯಕ್ಕೆ ನಾನು ಬರುವುದಿಲ್ಲ. ಕರ್ನಾಟಕ ಸಂಗೀತದ ಕಡೆಯಿಂದ ಒಂದು ಮಾತು. ಮಹಾರಾಜರು ‘ಶ್ರೀವಿದ್ಯಾ’ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರು, ಎಲ್ಲವೂ ಸಂಸ್ಕೃತದಲ್ಲಿ. ಅವುಗಳಲ್ಲಿ ಎಷ್ಟೋ ಅಪರೂಪದ ರಾಗಗಳಲ್ಲಿವೆ. ವಾಸುದೇವಾಚಾರ್ಯರ ಮಾರ್ಗದರ್ಶನ, ವೆಂಕಟಗಿರಿಯಪ್ಪನವರಲ್ಲಿ ವೀಣೆಯ ಪಾಠ. ನಾಲ್ಕಾರು ಕೃತಿಗಳನ್ನು ಪಾಠ ಮಾಡಿದ್ದೇನೆ. ಪಾಶ್ಚಾತ್ಯ ಸಂಗೀತದ ನೆರಳು ಅವುಗಳಲ್ಲಿ ಕಾಣುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ನನಗಂತೂ ಕಂಡಿಲ್ಲ. ದೀಕ್ಷಿತರ ಹಾದಿಯ ಬಿಗಿಯಾದ ಕಟ್ಟಡ, ವಿಳಂಬದ ನಡೆ, ಶ್ರೀವಿದ್ಯೆಯ ಉಪಾಸನೆ. ಎರಡು ಸಂಗೀತಗಳನ್ನು ಅಷ್ಟು ಆಳವಾಗಿ ಬಲ್ಲವರು ಅವನ್ನು ಬೆರೆಸಲು ಹೋಗಲಿಲ್ಲ. ಈಗ ಕೀಬೋರ್ಡ್ ಇಟ್ಟುಕೊಂಡು ಎರಡನ್ನೂ ಕಲಸುವವರಿಗೆ ಇದನ್ನು ಹೇಳಬೇಕೆನಿಸುತ್ತದೆ.

ಅವರ ತಂಗಿ ವಿಜಯಾದೇವಿಯವರನ್ನೂ ಮರೆಯಬೇಡಿ. ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟಾಯರ್‌ಮನ್ ಅವರಲ್ಲಿ ಪಿಯಾನೋ ಕಲಿತವರು, ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದವರು.

ಉತ್ತರ: ಎಡಗೈ ಅಭ್ಯಾಸ

ಇಷ್ಟು ಸಿಗುತ್ತದೆಂದು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ನಾಯಿಮಾರ್ಕು ಸರ್, ನಿನ್ನೆ ಆ ‘ಕಥೆ’ಯನ್ನು ಕೂತು ನುಡಿಸಿದೆ. ಮೇಲ್ನೋಟಕ್ಕೆ ಸುಲಭ, ಆದರೆ ಬಲಗೈ ಹಾಡುತ್ತಿರುವಾಗಲೇ ನಡುವಿನ ಬೆರಳುಗಳಿಗೆ ಬೇರೆ ಮಾತಿರುತ್ತದೆ. ಅದನ್ನು ಹಿಡಿಯಲು ಹೋದರೆ ಹಾಡು ನಿಂತುಹೋಗುತ್ತದೆ. ಇದು ನನ್ನ ಕೈಯ ದೋಷವೋ, ಅವರು ಬರೆಯುತ್ತಿದ್ದುದೇ ಹೀಗೋ? ಮತ್ತೆ, ಕೇಳುವ ಪಟ್ಟಿ ಇನ್ನೂ ಬಾಕಿ ಇದೆ!

ಉತ್ತರ: ನಾಯಿಮಾರ್ಕು

ಮದ್ದೂರಿನವರೇ, ಇರಲಿ, ಖಂಡಿತ ಒಂದೇ ಪುಟದಲ್ಲಿ ಇರಲಿ. ನಮ್ಮ ಸೋದರಮಾವನೇ ಬೆಳಗ್ಗೆ ಅರಮನೆಯಲ್ಲಿ ಊದಿ, ಸಂಜೆ ಚಳವಳಿಯ ಹುಡುಗರಿಗೆ ಮನೆಯಲ್ಲಿ ಊಟ ಹಾಕಿಸುತ್ತಿದ್ದವರು. ಒಂದು ಮಾತು ಮಾತ್ರ ಸೇರಿಸುತ್ತೇನೆ: ನಿಮ್ಮ ತಾತನವರ ಗೆಲುವಿನಿಂದ ಈ ಕಥೆಯೂ ಬದಲಾಯಿತು. ರಾಜ್ಯ ಜನರ ಕೈಗೆ ಬಂದ ಮೇಲೆ ಲಂಡನ್ನಿನ ವಾದ್ಯವೃಂದಕ್ಕೆ ಮೊದಲಿನಂತೆ ಕೊಡುವುದು ಮಹಾರಾಜರಿಗೆ ಸಾಧ್ಯವಾಗಲಿಲ್ಲ. ಮೆಟ್ನರ್ ಸೊಸೈಟಿ ಮೂರು ಆಲ್ಬಮ್‌ಗಳಿಗೆ ನಿಂತಿತು. ಹದಿನಾಲ್ಕು ಸೊನಾಟಾಗಳಲ್ಲಿ ಬಹುಪಾಲು ಅವರ ಕೈಯಲ್ಲಿ ಮುದ್ರಣವಾಗಲೇ ಇಲ್ಲ. ಸಂಗ್ರಹಕಾರನಾಗಿ ನನಗೆ ಹೊಟ್ಟೆ ಉರಿಯುತ್ತದೆ. ಪ್ರಜೆಯಾಗಿ ನಿಮ್ಮ ತಾತನವರ ಪಕ್ಷ.

ಎಡಗೈ ಅಭ್ಯಾಸದವರೇ, ದೋಷ ನಿಮ್ಮದಲ್ಲ, ಅವರು ಬರೆಯುತ್ತಿದ್ದುದೇ ಹೀಗೆ. ನಾನು ಪಿಯಾನೋ ನುಡಿಸುವವನಲ್ಲ. ಕೇಳುವವನಾಗಿ ಹೇಳುವುದಾದರೆ, ಆ ಕೃತಿಯ ನೆತ್ತಿಯ ಮೇಲೆ ಕಥೆ ಹೇಳುವಂತೆ, ನಿಮ್ಮ ಇಷ್ಟದ ನಡೆಯಲ್ಲಿ ನುಡಿಸಿ ಎಂದು ಇಟಾಲಿಯನ್‌ನಲ್ಲಿ ಬರೆದಿದೆ, ಅದನ್ನು ನಂಬಿ. ನಡುವಿನ ಎಳೆಯನ್ನು ಎತ್ತಿ ತೋರಿಸುವ ಕೆಲಸ ಆಮೇಲೆ.

ಕೇಳಲು, ಮೊದಲು ‘ಸೊನಾಟಾ ರೆಮಿನಿಸೆಂಜಾ’, ಓಪಸ್ 38ರ ಒಂದನೆಯದು, ಎಮಿಲ್ ಗಿಲೆಲ್ಸ್ ನುಡಿಸಿರುವುದು. ಒಂದೇ ಭಾಗ, ಕಾಲು ಗಂಟೆಯೊಳಗೆ ಮುಗಿಯುತ್ತದೆ. ರಷ್ಯಾ ಬಿಡುವುದಕ್ಕೆ ಸ್ವಲ್ಪ ಮುಂಚೆ ಬರೆದದ್ದು. ಅದು ಹಿಡಿಸದಿದ್ದರೆ ಮೆಟ್ನರ್ ನಿಮಗಲ್ಲ ಎಂದುಕೊಂಡು ಬಿಟ್ಟುಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಿಡಿಸಿದರೆ ‘ಕಥೆ’ಗಳಲ್ಲಿ ಓಪಸ್ 20ರ ಎರಡನ್ನೂ ಕೇಳಿ. ಆಮೇಲೆ ಎರಡನೆಯ ಕಂಚೆರ್ಟೊ, ಪಿಯಾನೋ ವಾದಕ ಡೆಮಿಡೆಂಕೊ ನುಡಿಸಿದ್ದು. ಮುದ್ರಣ ಹೊಸದು, ವಾದ್ಯವೃಂದ ಸ್ಪಷ್ಟವಾಗಿ ಕೇಳುತ್ತದೆ. ಇಷ್ಟಾದ ಮೇಲೆ ಮೈಸೂರಿನ ದುಡ್ಡಿನ ಮೂರನೆಯದು. ಹಳೆಯ ಪ್ಲೇಟಿನಿಂದ ಎತ್ತಿದ್ದರಿಂದ ಸರಸರ ಸದ್ದು ಇರುತ್ತದೆ, ಎರಡು ನಿಮಿಷಕ್ಕೆ ಕಿವಿ ಒಗ್ಗುತ್ತದೆ. ‘ರಾತ್ರಿಗಾಳಿ’ಗೆ ಈಗಲೇ ಕೈ ಹಾಕಬೇಡಿ. ನಾನೇ ಮೂರು ಸಲ ಅರ್ಧಕ್ಕೆ ಎದ್ದು ಹೋಗಿದ್ದೇನೆ, ಅಮೇಲಿನ್ ನುಡಿಸಿದ್ದನ್ನು ಕೇಳಿದಾಗ ಮಾತ್ರ ಕುರ್ಚಿ ಬಿಡಲಾಗಲಿಲ್ಲ. ಅಮೇಲಿನ್ ಎಂದರೆ ಕೆನಡಾದ ಮಾರ್ಕ್-ಆಂದ್ರೆ ಅಮೇಲಿನ್, ಹದಿನಾಲ್ಕು ಸೊನಾಟಾಗಳನ್ನೂ ನುಡಿಸಿದ್ದಾರೆ.

ಎಲಿಜಬೆತ್ ಶ್ವಾರ್ಟ್ಸ್‌ಕೋಪ್ 1950ರಲ್ಲಿ ಮೆಟ್ನರ್ ಪಿಯಾನೋ ಜೊತೆ ಹಾಡಿದ ಹಾಡುಗಳು ಸಿಕ್ಕಿದರೆ ಬಿಡಬೇಡಿ. ಆ ಹಾಡುಗಳಲ್ಲಿ ಕೆಲವು ಜರ್ಮನ್ ಕವಿ ಗಯ್ಟೆಯ ಕವಿತೆಗಳು. ಅಂದಹಾಗೆ ನಿಮ್ಮ ಟೀಚರ್ ಇಂಥದ್ದನ್ನು ಹುಡುಕಿ ಕೊಡುತ್ತಾರೆಂದರೆ ಅವರನ್ನು ಬದಲಾಯಿಸಬೇಡಿ. ಪರೀಕ್ಷೆಯ ಪಟ್ಟಿಯಾಚೆ ನೋಡುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಉತ್ತರ: ಚಾಮುಂಡಿಪುರದವನು

ಗಿಲೆಲ್ಸ್ ಕೇಳಿದೆ. ಹಿಡಿಸಿತು. ಉಳಿದದ್ದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ, ಭಾನುವಾರ ಬರೆಯುತ್ತೇನೆ.